ಕೊಯ್ಲಿನವರ ನಡುನೋವು

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿಕೊಡುತ್ತೇವೆ. ಕೈಗೆ ಹತ್ತಿದ ಕೆಸರೇನೋ ಒಂದು ಚೆಂಬು ನೀರಿನಿಂದ ಹೋದೀತು. ದಿನವೆಲ್ಲ ಬಾಗಿದ ನಡುವಿಗೆ ಹತ್ತಿದ ನೋವು ಅಷ್ಟು ಸುಲಭವಾಗಿ ಹೋಗುವಂಥದಲ್ಲ. ಆ ನೋವಿನ ವಿಚಾರವಾಗಿ ಇಂದು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಬೆಂಗಳೂರಿನ ಅಂಚಿನಲ್ಲಿ ಕೊಯ್ಲು ಇನ್ನೂ ಉಳಿದಿದೆಯೆ ಎಂದು ತಾವು ಕೇಳಬಹುದು. ಎಲೆಕ್ಟ್ರಾನಿಕ್ ಸಿಟಿ ಮೊದಲು ತಲೆಯೆತ್ತಿದ 332 ಎಕರೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲ. ವೈಟ್‌ಫೀಲ್ಡ್ 1882ರಲ್ಲಿ ಹುಟ್ಟಿದ್ದೇ ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ. ಇಂದು ಅಲ್ಲೆಲ್ಲ ಕಚೇರಿಗಳೂ ಬಹುಮಹಡಿ ಮನೆಗಳೂ ಎದ್ದಿವೆ, ನಿಜ. ಆದರೆ ಅಲ್ಲಿಂದ ಆನೇಕಲ್ ಕಡೆಗೋ, ಸರ್ಜಾಪುರದ ಕಡೆಗೋ, ಹೊಸಕೋಟೆಯ ಕಡೆಗೋ ಸ್ವಲ್ಪ ದೂರ ಹೋಗಿ ನೋಡಿ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಬಲಿತ ರಾಗಿಯ ತೆನೆಗಳು ಕಾಣುತ್ತವೆ. ಅವುಗಳ ನಡುವೆ ಸಾಲಾಗಿ ಬಾಗಿದ ಬೆನ್ನುಗಳೂ ಕಾಣುತ್ತವೆ. ಬಹುಮಟ್ಟಿಗೆ ಅವು ಹೆಂಗಸರ ಬೆನ್ನುಗಳು.

ರಾಗಿಯ ಕೊಯ್ಲಿನಲ್ಲಿ ಅಷ್ಟು ತಗ್ಗಿ ಬಾಗುವುದೇಕೆ? ತೆನೆಯೊಂದೇ ಸಾಕೆಂದಿದ್ದರೆ ಅರೆಬಾಗಿ ಕೊಯ್ಯಬಹುದಾಗಿತ್ತು. ಆದರೆ ರಾಗಿಯ ಹುಲ್ಲು ವರ್ಷವಿಡೀ ದನಗಳ ಮೇವು. ಒಂದು ಗೇಣು ಹುಲ್ಲು ಹೊಲದಲ್ಲೇ ಉಳಿದರೆ ರೈತನಿಗೆ ಅಷ್ಟು ನಷ್ಟ. ಆದ್ದರಿಂದ ಬುಡಕ್ಕೇ ಕುಡುಗೋಲು ಹಾಕಬೇಕು. ಎಡಗೈಯಲ್ಲಿ ಹಿಡಿ ಪೈರು, ಬಲಗೈಯಲ್ಲಿ ಕುಡುಗೋಲು. ಕೊಯ್ದದ್ದನ್ನು ಅರಿಯಾಗಿ ಹಾಕಬೇಕು, ಒಣಗಿದ ಮೇಲೆ ಸಿವುಡು ಕಟ್ಟಬೇಕು, ಹೊತ್ತು ತಂದು ಮೆದೆ ಒಟ್ಟಬೇಕು. ಈಚೆಗೆ ಕೊಯ್ಲಿನ ಯಂತ್ರಗಳು ಬಂದಿವೆ. ಆದರೂ ಸಣ್ಣ ತುಂಡು ಹೊಲಗಳಲ್ಲಿ, ಮಳೆಗೆ ಮಲಗಿದ ಪೈರಿನಲ್ಲಿ, ಮೇವು ಪೂರ್ತಿ ಬೇಕೆನ್ನುವ ಕಡೆಗಳಲ್ಲಿ ಕುಡುಗೋಲೇ ಗತಿ.

ಹೀಗೆ ಬಾಗಿದಾಗ ದೇಹದೊಳಗೆ ಏನಾಗುತ್ತದೆಂಬುದನ್ನು ಸ್ವಲ್ಪ ನೋಡೋಣ. ನಾವು ಅರೆಬಾಗಿದಾಗ ಬೆನ್ನಿನ ಸ್ನಾಯುಗಳು ಎಳೆದು ಹಿಡಿದು ಮೈಭಾರವನ್ನು ತಡೆಯುತ್ತವೆ. ಪೂರ್ತಿ ಬಾಗಿದಾಗಲಾದರೋ ಆ ಸ್ನಾಯುಗಳು ಹೆಚ್ಚುಕಡಿಮೆ ಕೆಲಸ ಬಿಟ್ಟು ಸುಮ್ಮನಾಗುತ್ತವೆ. ಆಗ ಭಾರವೆಲ್ಲ ಬೆನ್ನುಮೂಳೆಗಳನ್ನು ಒಂದಕ್ಕೊಂದು ಬಿಗಿದಿರುವ ಕಟ್ಟುಗಳ ಮೇಲೆ ಬೀಳುತ್ತದೆ. ಬಹಳ ಹೊತ್ತು ಎಳೆದ ಹಗ್ಗ ಜಗ್ಗುವಂತೆ ಈ ಕಟ್ಟುಗಳೂ ನಿಧಾನವಾಗಿ ಜಗ್ಗುತ್ತವೆ. ನೆಟ್ಟಗೆ ನಿಂತ ಒಂದೆರಡು ನಿಮಿಷಗಳಲ್ಲಿ ಅವುಗಳ ಬಿಗಿ ಸ್ವಲ್ಪಮಟ್ಟಿಗೆ ಹಿಂದಿರುಗುತ್ತದೆ. ಪೂರ್ತಿ ಹಿಂದಿರುಗಬೇಕಾದರೆ ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರೊಳಗೆ ಮತ್ತೆ ಬಾಗಿದರೆ, ಅಥವಾ ಬಾಗಿದ್ದವಳು ಎದ್ದ ಕೂಡಲೇ ತಲೆಯ ಮೇಲೆ ಹೊರೆ ಹೊತ್ತರೆ, ಸಡಿಲವಾದ ಕೀಲಿನ ಮೇಲೆ ಭಾರ ಹೇರಿದಂತಾಗುತ್ತದೆ. ನಡು ಹಿಡಿದುಕೊಳ್ಳುವುದು ಬಹುವಾಗಿ ಇಂಥ ಗಳಿಗೆಯಲ್ಲೇ.

ನಡುವಿನದು ಮಾತ್ರ ಈ ಕಥೆಯಲ್ಲ. ಕುಕ್ಕುರುಗಾಲಿನಲ್ಲಿ ಕೂತು ಕೊಯ್ಯುವವರ ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ವರ್ಷಗಟ್ಟಲೆ ಹೀಗಾದರೆ ಕೀಲಿನ ಮೃದುವಾದ ಎಲುಬು ಸವೆಯುತ್ತದೆ. ಮೊಂಡ ಕುಡುಗೋಲು ಹಿಡಿದವರ ಮಣಿಕಟ್ಟಿನ ನರಗಳು ಊದಿಕೊಳ್ಳುತ್ತವೆ. ಹೊರೆ ಹೊತ್ತವರ ಕತ್ತು ಸೆಡೆಯುತ್ತದೆ. ಇವೆಲ್ಲವನ್ನೂ ನಾವು "ವಯಸ್ಸಾಯಿತು", "ವಾಯು", "ಹಣೆಬರಹ" ಎಂದು ತಳ್ಳಿಹಾಕುತ್ತೇವೆ. ಮೂವತ್ತು ದಾಟಿದ ಹೆಂಗಸಿಗೆ ಅದು ಯಾವ ವಯಸ್ಸು? ಅದು ಕೆಲಸದಿಂದ ಬಂದ ನೋವು. ಕೆಲಸದ ರೀತಿಯನ್ನು ತಿದ್ದಿದರೆ ಬಹುಪಾಲು ಕಡಮೆಯಾಗುವ ನೋವು.

ತಿದ್ದುವುದಕ್ಕೆ ಅಡ್ಡಿಯೇನೆಂದರೆ ನಮ್ಮ ಒಂದು ಹಳೆಯ ಅಭಿಪ್ರಾಯ. ಹೊಲದ ಬದುವಿನ ಮೇಲೆ ನಿಂತವರಿಗೆ, ಬಾಗಿದವಳು ದುಡಿಯುವವಳಾಗಿಯೂ ನೆಟ್ಟಗೆ ನಿಂತವಳು ಮೈಗಳ್ಳಿಯಾಗಿಯೂ ಕಾಣುತ್ತಾರೆ. ಗುತ್ತಿಗೆಯ ಕೊಯ್ಲಾದರಂತೂ ಕೇಳುವುದೇ ಬೇಡ. ನಿಂತರೆ ತನಗೇ ನಷ್ಟವೆಂದು ಯಾರೂ ತಲೆ ಎತ್ತುವುದಿಲ್ಲ.

ಈ ಅಭಿಪ್ರಾಯ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೊಪ್ಪು, ಸಕ್ಕರೆ ಬೀಟಿನ ಹೊಲಗಳ ಕೂಲಿಗಳಿಗೆ ಬಹಳ ಕಾಲ ಗಿಡ್ಡ ಹಿಡಿಯ ಗುದ್ದಲಿಯನ್ನೇ ಕೊಡುತ್ತಿದ್ದರು. ಅವರ ಸ್ಪ್ಯಾನಿಷ್ ಮಾತಿನಲ್ಲಿ ಅದಕ್ಕೆ "ಎಲ್ ಕೊರ್ಟಿಟೊ", ಅಂದರೆ "ಗಿಡ್ಡ" ಎಂದು ಹೆಸರು. ಅದನ್ನು ಹಿಡಿದವನು ದಿನವಿಡೀ ಬಾಗಿಯೇ ಇರಬೇಕು; ಯಾರು ನಿಂತಿದ್ದಾರೆಂಬುದು ಮೇಸ್ತ್ರಿಗೆ ದೂರದಿಂದಲೇ ತಿಳಿಯುತ್ತಿತ್ತು. ಉದ್ದ ಹಿಡಿಯಾದರೆ ಬೆಳೆ ಕೆಡುತ್ತದೆಂದು ಹೊಲದೊಡೆಯರು ವಾದಿಸಿದರು. ಕಡೆಗೆ ನ್ಯಾಯಾಲಯದ ತನಕ ಹೋಗಿ, 1975ರಲ್ಲಿ ಆ ಗುದ್ದಲಿಯ ಬಳಕೆ ಅಲ್ಲಿ ನಿಂತುಹೋಯಿತು. ಉದ್ದ ಹಿಡಿಯ ಗುದ್ದಲಿ ಬಂದ ಮೇಲೂ ಬೇಸಾಯ ನಡೆದೇ ಇದೆ.

ನಮ್ಮ ರಾಗಿಯ ಹೊಲದಲ್ಲಿ ಏನು ಮಾಡಬಹುದು? ಮೊದಲನೆಯದು, ಅರ್ಧ ಗಂಟೆಗೊಮ್ಮೆ ಎಲ್ಲರೂ ಒಟ್ಟಿಗೆ ಎದ್ದು, ಎರಡು ಕೈಗಳನ್ನೂ ಸೊಂಟದ ಮೇಲಿಟ್ಟು, ನಿಧಾನವಾಗಿ ಹಿಂದಕ್ಕೆ ಬಾಗಿ, ಹತ್ತು ಹೆಜ್ಜೆ ನಡೆಯಬೇಕು. ಒಬ್ಬಳೇ ಎದ್ದರೆ ಸಂಕೋಚ; ಎಲ್ಲರೂ ಎದ್ದರೆ ಅದೇ ಪದ್ಧತಿ. ಎರಡನೆಯದು, ಕೆಲಸವನ್ನು ಬದಲಾಯಿಸಿಕೊಳ್ಳಬೇಕು. ಕೊಯ್ಯುತ್ತಿದ್ದವಳು ಸ್ವಲ್ಪ ಹೊತ್ತು ಸಿವುಡು ಕಟ್ಟಲಿ, ಕಟ್ಟುತ್ತಿದ್ದವಳು ಕೊಯ್ಯಲಿ. ಮೂರನೆಯದು, ಬಾಗಿ ಎದ್ದ ಕೂಡಲೇ ಹೊರೆ ಎತ್ತಬಾರದು. ಹೊರೆ ಚಿಕ್ಕದಿರಲಿ, ಎತ್ತುವಾಗ ಇನ್ನೊಬ್ಬರು ಕೈಗೂಡಿಸಲಿ, ನಡು ಬಗ್ಗಿಸುವ ಬದಲು ಮಂಡಿ ಮಡಿಸಿ, ಹೊರೆಯನ್ನು ಮೈಗೆ ಹತ್ತಿರ ಹಿಡಿದು ಏಳಲಿ.

ನಾಲ್ಕನೆಯದು ಕುಡುಗೋಲು. ಮೊಂಡಾದ ಕುಡುಗೋಲು ಎರಡರಷ್ಟು ಬಲ ಕೇಳುತ್ತದೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು "ನವೀನ್" ಎಂಬ ಕುಡುಗೋಲನ್ನು ರೂಪಿಸಿದ್ದಾರೆ. ಅದರ ಅಲಗಿಗೆ ಗರಗಸದಂಥ ಸಣ್ಣ ಹಲ್ಲುಗಳುಂಟು. ಬುಡಕ್ಕೆ ಹಾಕಿದಾಗ ಬೆರಳಿನ ಗೆಣ್ಣು ನೆಲಕ್ಕೆ ಉಜ್ಜದಂತೆ ಹಿಡಿಯನ್ನು ಮಾಡಿದ್ದಾರೆ. ನಮ್ಮ ಜಿ.ಕೆ.ವಿ.ಕೆ.ಯ ಕೃಷಿ ಮೇಳಕ್ಕೆ ಹೋದವರು ಬೇಸಾಯದ ಉಪಕರಣಗಳ ಮಳಿಗೆಯಲ್ಲಿ ಇಂಥ ಹಲ್ಲಿನ ಕುಡುಗೋಲುಗಳಿವೆಯೆ ಎಂದು ವಿಚಾರಿಸುವುದು ಒಳ್ಳೆಯದು.

ನೋವು ಬಂದ ಮೇಲೆ ವಾರಗಟ್ಟಲೆ ಚಾಪೆ ಹಿಡಿದು ಮಲಗುವುದರಿಂದ ಗುಣವಿಲ್ಲ. ಒಂದೆರಡು ದಿನ ಭಾರದ ಕೆಲಸ ಬಿಟ್ಟು, ಬಿಸಿ ಶಾಖ ಕೊಟ್ಟು, ಮೆಲ್ಲನೆ ಓಡಾಡುತ್ತಿದ್ದರೆ ಬಹಳ ಜನಕ್ಕೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಆದರೆ ನೋವು ಮಂಡಿಯ ಕೆಳಗೂ ಇಳಿದು ಪಾದ ಜೋಮು ಹಿಡಿದರೆ, ರಾತ್ರಿಯ ನೋವಿನ ಜೊತೆಗೆ ಜ್ವರ ಬಂದು ಮೈ ಇಳಿಯುತ್ತಿದ್ದರೆ, ವೈದ್ಯರಿಗೆ ತೋರಿಸಲೇಬೇಕು. ಬೆನ್ನುಮೂಳೆಗೆ ಕ್ಷಯ ತಗಲುವುದೂ ಉಂಟು. ಕಾಲಿನ ಬಲ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಪೀಣ್ಯದ ಕಾರ್ಖಾನೆಯ ಕೆಲಸಗಾರನಿಗೆ ಆಸರೆಯಾಗಿ ಕಾನೂನು ಬಂದು ಬಹಳ ಕಾಲವಾಯಿತು. ಪೆಟ್ಟು ಬೀಳುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. ಅದೇ ವರ್ಷದ ಇ.ಎಸ್.ಐ. ಕಾಯಿದೆ ಕಾರ್ಖಾನೆಯವರ ಚಿಕಿತ್ಸೆಗೆ ದಾರಿ ಮಾಡಿತು. ಹೊಲದ ಕೂಲಿಯವಳು ಆ ಎರಡರಿಂದಲೂ ಹೊರಗೇ ಉಳಿದಳು. ಅವಳ ನಡುವಿನ ಯೋಗಕ್ಷೇಮ ಕೂಲಿಗೆ ಕರೆದವರ ಮನಸ್ಸಿನಲ್ಲಿದೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಜೀನಿ 1700ರಲ್ಲಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು ಗ್ರಂಥವೊಂದನ್ನು ಬರೆದ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ "ನಿನ್ನ ಕಸುಬೇನು?" ಎಂಬುದನ್ನೂ ಕೇಳಬೇಕೆಂದು ವೈದ್ಯರಿಗೆ ಅವನ ಸಲಹೆ. ಆ ಪ್ರಶ್ನೆಯನ್ನು ನಾವೂ ಕೇಳಬಹುದು. ಮನೆಗೆಲಸಕ್ಕೆ ಬರುವಾಕೆ ಕಾರ್ತಿಕ, ಮಾರ್ಗಶಿರಗಳಲ್ಲಿ ಊರ ಕೊಯ್ಲಿಗೆ ಹೋಗಿ, ಸೊಂಟ ಹಿಡಿದುಕೊಂಡು ಹಿಂದಿರುಗಿದರೆ, "ಏನಮ್ಮಾ, ಏನು ಕೆಲಸ ಮಾಡಿ ಹೀಗಾಯಿತು?" ಎಂದು ವಿಚಾರಿಸಿ, ಕೆಲವು ದಿನ ನೆಲ ಒರೆಸುವ ಕೆಲಸವನ್ನು ಬಿಡಿಸಿ.

ತಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಎಕರೆಯೋ ಎರಡೆಕರೆಯೋ ಹೊಲ ಉಂಟು. ಈ ವರ್ಷ ಕೊಯ್ಲಿಗೆ ಆಳು ಕರೆಯುವಾಗ ಗಂಟೆಗೆ ಐದು ನಿಮಿಷದ ನೆಟ್ಟ ನಿಲುವನ್ನೂ ಕೂಲಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗುತ್ತಿಗೆಗೆ ಕೊಟ್ಟರೂ ಮೇಸ್ತ್ರಿಗೆ ಈ ಮಾತನ್ನು ಮೊದಲೇ ಹೇಳಿಬಿಡಿ. ಬಾಗುವುದೆಷ್ಟು ಕೆಲಸವೋ, ನಡು ನೆಟ್ಟಗೆ ಮಾಡಿಕೊಳ್ಳುವುದೂ ಅಷ್ಟೇ ಕೆಲಸ.