ಕಲ್ಪನೆಯ ಕಣದಲ್ಲಿ ಗೆದ್ದವರು ಯಾರು?



ಮುಹಮ್ಮದ್ ಅಲಿ ಮತ್ತು ರಾಕಿ ಮಾರ್ಸಿಯಾನೊ ಪರಸ್ಪರ ಸೆಣಸಿದ್ದರೆ ಗೆಲ್ಲುತ್ತಿದ್ದವರು ಯಾರು? ಬಾಕ್ಸಿಂಗ್ ಪ್ರಿಯರು ಈ ಚರ್ಚೆಯನ್ನು ಇಂದಿಗೂ ಕೈಬಿಟ್ಟಿಲ್ಲ. ಮಾರ್ಸಿಯಾನೊ 49 ಪಂದ್ಯಗಳಲ್ಲಿ ಒಮ್ಮೆಯೂ ಸೋಲದೆ 1956ರಲ್ಲಿ ನಿವೃತ್ತರಾದಾಗ ಅಲಿ 14ರ ಬಾಲಕ. 1969ರಲ್ಲಿ ಇಬ್ಬರನ್ನೂ ಕ್ಯಾಮರಾದ ಮುಂದೆ ನಿಲ್ಲಿಸಿ, ತೀರ್ಪನ್ನು ಕಂಪ್ಯೂಟರಿಗೆ ಬಿಡಲಾಯಿತು. ಅಮೆರಿಕದಲ್ಲಿ ತೋರಿಸಿದ ಚಿತ್ರದಲ್ಲಿ 13ನೇ ಸುತ್ತಿನಲ್ಲಿ ಅಲಿ ಸೋತರು. ಯುರೋಪಿನಲ್ಲಿ ತೋರಿಸಿದ ಚಿತ್ರದಲ್ಲಿ ಅಲಿಯೇ ಗೆದ್ದರು! ಯಂತ್ರದ ನಿಷ್ಪಕ್ಷಪಾತ ಎಂದರೆ ಇದೇ ಏನು?

ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಜೇಯ ಚಾಂಪಿಯನ್ ಒಬ್ಬರು ನಿಜವಾದ ಕಣವನ್ನು ಬಿಟ್ಟು ನಟನೆಯ ಕಣಕ್ಕೆ ಇಳಿದದ್ದೇಕೆ? ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು 1967ರಲ್ಲಿ ನಿರಾಕರಿಸಿದ್ದಕ್ಕೆ ಅವರ ಪರವಾನಿಗೆ, ಪ್ರಶಸ್ತಿ ಎರಡನ್ನೂ ಕಸಿದುಕೊಳ್ಳಲಾಗಿತ್ತು. 25ರಿಂದ 28ರ ಹರೆಯದವರೆಗೆ, ಮೂರೂವರೆ ವರ್ಷ ಅವರು ಕಣದಿಂದ ಹೊರಗಿದ್ದರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ರದ್ದುಪಡಿಸಿತು. ಆದರೆ ಕಳೆದ ವರ್ಷಗಳನ್ನು ಮರಳಿಸಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿರಲಿಲ್ಲ.

ಆ ವರ್ಷಗಳ ಅಲಿ ಹೇಗೆ ಸೆಣಸುತ್ತಿದ್ದರು ಎಂಬುದು ಬಹುಶಃ ಎಲ್ಲಕ್ಕಿಂತ ದೊಡ್ಡ ಕಾಲ್ಪನಿಕ ಪಂದ್ಯ. ಯಾರು ಬಲಶಾಲಿ ಎಂದು ನಮ್ಮ ಮಕ್ಕಳು ಕೇಳಿದಾಗ, ಮುಷ್ಟಿಯ ಲೆಕ್ಕದೊಂದಿಗೆ ಅವರು ತೆತ್ತ ಈ ಬೆಲೆಯ ಲೆಕ್ಕವನ್ನೂ ಹೇಳೋಣ.