ಎಳೆಯ ನಾಯಿಗೆ ನಿಲ್ಲಲು ಕಲಿಸುವುದು



ನಮ್ಮ ದುಧನಿಯ ತೊಗರಿ ಹೊಲಗಳಲ್ಲಿ ಕೌಜುಗ ಕೂಗಿದರೆ ಸಾಕು, ನಮ್ಮ ಎಳೆಯ ನಾಯಿ ಹಗ್ಗ ಹರಿಯುವಂತೆ ಜಗ್ಗುತ್ತಿತ್ತು. ಅದು ಮುಧೋಳ ಜಾತಿಯದು, ಕಣ್ಣಿಂದ ಕಂಡು ಓಡುವಂಥದು. ಪರದೇಶದ ಪಾಯಿಂಟರ್ ನಾಯಿಯ ರೀತಿ ಬೇರೆ. ಹಕ್ಕಿಯ ವಾಸನೆ ಹತ್ತಿದೊಡನೆ ಅತ್ತ ಮೂಗು ಚಾಚಿ, ಮುಂಗಾಲೊಂದನ್ನೆತ್ತಿ ಕಲ್ಲಿನಂತೆ ನಿಲ್ಲುತ್ತದೆ. ಆ ನಿಲುವು ಅದರ ಹುಟ್ಟುಗುಣ. ಹಕ್ಕಿ ಹಾರಿದರೂ ಕದಲದಿರುವುದನ್ನು ಮಾತ್ರ ಕಲಿಸಬೇಕು. ನಮ್ಮ ನಾಯಿಗೆ ವಾಸನೆಯ ಆ ವಿದ್ಯೆ ಬಾರದು. ಆದರೆ ಕದಲದಿರುವುದನ್ನು ಕಲಿಸಬಹುದು.

ಕಲಿಸಲೇಬೇಕಾಯಿತು. ಕಳೆದ ಮಳೆಗಾಲ ಅದು ಕೌಜುಗದ ಗೂಡು ಕೆದರಿ ಮೊಟ್ಟೆ ತಿಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಾಯಿ ಬಿಟ್ಟು ಹಿಡಿಸುವುದೂ ಬೇಟೆಯೇ, ಮೊಟ್ಟೆ ಕೆಡಿಸುವುದೂ ಬೇಟೆಯೇ. ತೋಟದ ಲೈನುಮನೆಗಳಲ್ಲಿ ನಾಯಿ ಸಾಕಿದವರಿಗೆ ಕಾಡುಕೋಳಿಯ ವಿಷಯದಲ್ಲೂ ಇದೇ ಕಾನೂನು. ಕೇಸು ಬಿದ್ದರೆ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವವರು ಯಾರು? ಇನ್ನು ಸೊಲ್ಲಾಪುರದ ಬಳಿಯ ನನ್ನಜದಲ್ಲಿ ಅಭಯಾರಣ್ಯ ಮಾಡಿದ್ದೇ ಎರೆಭೂತ ಹಕ್ಕಿಗಾಗಿ. ಅದು ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ.

ಮೊದಲು ನಾಯಿಯನ್ನು ಹೊಡೆದೆವು. ತಪ್ಪು ಮಾಡಿದೆವು, ಮೂರು ದಿನ ಅದು ಹತ್ತಿರ ಸುಳಿಯಲಿಲ್ಲ. ಆಮೇಲೆ ಉದ್ದ ಹಗ್ಗ ಕಟ್ಟಿ, ಊಟಕ್ಕೆ ಮುಂಚೆ ಹತ್ತೇ ನಿಮಿಷ ಪಾಠ. "ನಿಲ್" ಎಂದಾಗ ನಿಂತರೆ ಕೂಡಲೇ ರೊಟ್ಟಿ ಚೂರು. ಮೊದಲು ಅಂಗಳದಲ್ಲಿ, ಆಮೇಲೆ ಕೋಳಿಗಳ ಎದುರಿಗೆ, ಕೊನೆಗೆ ಹೊಲದ ಬದುವಿನಲ್ಲಿ. ಮಕ್ಕಳು "ನಿಲ್" ಎಂದರೆ ಅಜ್ಜಿ ಮರಾಠಿಯಲ್ಲಿ "ಥಾಂಬ್" ಎನ್ನುತ್ತಿದ್ದಳು, ನಾಯಿಗೆ ತಲೆ ಕೆಟ್ಟಿತು. ಮನೆಮಂದಿಗೆಲ್ಲ ಒಂದೇ ಮಾತು ಇರಬೇಕು. ಅಜ್ಜಿಯನ್ನು ಒಪ್ಪಿಸಲು ನಾಯಿಗಿಂತ ಹೆಚ್ಚು ದಿನ ಹಿಡಿಯಿತು.

ಮೊನ್ನೆ ಬದುವಿನ ಹುಲ್ಲಿನಿಂದ ಕೌಜುಗಗಳು ಭರ್ರನೆ ಎದ್ದವು. ನಾಯಿ ಮೈಯೆಲ್ಲ ನಡುಗುತ್ತಾ ನಿಂತೇ ಇತ್ತು. ಹಗ್ಗ ನಮ್ಮ ಕೈಯಲ್ಲಿ ಸಡಿಲವಾಗಿತ್ತು.