ಖಭೌತಶಾಸ್ತ್ರದ ಮೊದಲನೆಯ ವರ್ಷ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾಲೇಜು ಸೇರಲಿರುವ ನಮ್ಮ ಸಂಘದ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಖಭೌತಶಾಸ್ತ್ರವನ್ನೇ ಓದುತ್ತೇವೆಂದು ಹಟ ಹಿಡಿದವರು ಮುಂದಿನ ಸಾಲಿನಲ್ಲಿದ್ದಾರೆ. ಅವರ ತಂದೆತಾಯಿಗಳು ಹಿಂದಿನ ಸಾಲಿನಲ್ಲಿ. ಎರಡು ಸಾಲಿಗೂ ಇದ್ದದ್ದನ್ನೇ ಹೇಳುತ್ತೇವೆ.

ಮೊದಲನೆಯ ವರ್ಷದಲ್ಲಿ ನಕ್ಷತ್ರದ ಮಾತು ಬಹಳ ಕಡಮೆ. ನಮ್ಮ ದೇಶದಲ್ಲಿ ಬಹುಪಾಲು ಜನ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿಯೇ ಈ ಕಡೆಗೆ ತಿರುಗುತ್ತಾರೆ. ಇಂಗ್ಲೆಂಡಿನಲ್ಲಿ ಖಭೌತದ ಹೆಸರಿನಲ್ಲೇ ಪದವಿಯುಂಟು. ಅಲ್ಲಿಯೂ ಮೊದಲ ವರ್ಷ ಹೆಚ್ಚುಕಡಮೆ ಭೌತಶಾಸ್ತ್ರದವರ ಪಾಠವೇ. ಚಲನೆ, ಅಲೆ, ಬೆಳಕು, ವಿದ್ಯುತ್ತು, ಇವೆಲ್ಲದರ ಬೆನ್ನಿಗೆ ಕಲನಗಣಿತ. ಈಗ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದೂ ಸೇರಿಕೊಂಡಿದೆ. ಚಂದ್ರಶೇಖರರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದೂ ಭೌತಶಾಸ್ತ್ರವನ್ನೇ. 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಶ್ವೇತಕುಬ್ಜ ನಕ್ಷತ್ರಗಳ ಲೆಕ್ಕ ಹಾಕಿದಾಗ ಅವರಿಗೆ ನೆರವಾದದ್ದು ಆ ಓದು, ದೂರದರ್ಶಕವಲ್ಲ.

ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವ ಕನಸೂ ಸ್ವಲ್ಪ ಬದಲಾಗುತ್ತದೆ. ಪುಣೆಯಿಂದ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದದಲ್ಲಿ 45 ಮೀಟರ್ ಅಗಲದ 30 ರೇಡಿಯೊ ತಟ್ಟೆಗಳಿವೆ. ಅಲ್ಲಿ ಕಣ್ಣಿಡಲು ಜಾಗವೇ ಇಲ್ಲ!

ನಮ್ಮ ಕಥೆಯನ್ನೇ ಕೇಳಿ. ಮೊದಲ ತಿಂಗಳು ಪ್ರಯೋಗಶಾಲೆಯಲ್ಲಿ ನಮಗೆ ಸಿಕ್ಕಿದ್ದು ಒಂದು ದಾರ, ಒಂದು ಗುಂಡು. ಲೋಲಕವನ್ನು ತೂಗಿಬಿಟ್ಟು ಭೂಮಿಯ ಗುರುತ್ವವನ್ನು ಅಳೆಯಬೇಕು. ನಮಗೆ 10.8 ಬಂತು. ಪಕ್ಕದ ಹುಡುಗನಿಗೆ 9.8. ನಾವು ಸದ್ದಿಲ್ಲದೆ 9.8 ಎಂದೇ ಬರೆದೆವು. ಮೇಷ್ಟರು ಪುಸ್ತಕ ತಿರುವಿ, ನಾವು ಬರೆದ ಸಮಯಗಳಿಂದ ತಾವೇ ಲೆಕ್ಕ ಹಾಕಿ, ಕೆಂಪು ಶಾಯಿಯಲ್ಲಿ ಗೀಟು ಎಳೆದರು. “ನೀವು ಅಳೆದದ್ದು ಎಲ್ಲಿ?” ಎಂದರು. ಗುಂಡನ್ನು ಬಿಟ್ಟ ಕ್ಷಣದಲ್ಲೇ ‘ಒಂದು’ ಎಂದು ಎಣಿಸಿದ್ದೆವು. ಇಪ್ಪತ್ತು ತೂಗಾಟವೆಂದುಕೊಂಡದ್ದು ನಿಜವಾಗಿ ಹತ್ತೊಂಬತ್ತು. ಅಷ್ಟೇ ತಪ್ಪು. ಆದರೆ ಸುಳ್ಳು ಬರೆದಿದ್ದರಿಂದ ಆ ತಪ್ಪು ನಮಗೆ ಕಾಣದೆಯೇ ಹೋಗಿತ್ತು. ಆ ರಾತ್ರಿ ಊರಿಗೆ ಹೊರಡೋಣವೆಂದು ಪೆಟ್ಟಿಗೆ ಕಟ್ಟಿದ್ದೂ ಉಂಟು. ರೈಲಿಗೆ ದುಡ್ಡಿರಲಿಲ್ಲ, ಉಳಿದೆವು.

ಗುಂಡಿಗೂ ನಕ್ಷತ್ರಕ್ಕೂ ಏನು ಸಂಬಂಧವೆಂದು ತಿಳಿದದ್ದು ತಿಂಗಳುಗಳ ಮೇಲೆ, ಬೆಸೆಲ್ಲನ ಪಾಠದಲ್ಲಿ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಎಳ್ಳಷ್ಟು ಸರಿದಂತೆ ಕಾಣುತ್ತದೆ. 1838ರಲ್ಲಿ ಆತ ಹಂಸ ರಾಶಿಯ 61ನೆಯ ನಕ್ಷತ್ರಕ್ಕೆ ಈ ಕೋನವನ್ನು ಅಳೆದ: ಒಂದು ಡಿಗ್ರಿಯ 3600ನೆಯ ಪಾಲಿನಲ್ಲಿ ಮೂರನೆಯ ಒಂದಕ್ಕೂ ಕಡಮೆ. ಎರಡೂವರೆ ಸೆಂಟಿಮೀಟರ್ ನಾಣ್ಯವನ್ನು 16 ಕಿಲೋಮೀಟರ್ ಆಚೆ ಇಟ್ಟು ನೋಡಿದಂತೆ! ಅವನ ಲೆಕ್ಕದಲ್ಲಿ ದೂರ ಸುಮಾರು 10.4 ಜ್ಯೋತಿರ್ವರ್ಷ, ಇಂದಿನ ಲೆಕ್ಕದಲ್ಲಿ 11.4. ಹತ್ತರಲ್ಲಿ ಒಂದು ಪಾಲಿನಷ್ಟು ತಪ್ಪು. ಆದರೂ ಲೋಕ ಅವನನ್ನು ನಂಬಿತು. ಏಕೆಂದರೆ ತನ್ನ ಅಳತೆ ಎಷ್ಟು ತಪ್ಪಿರಬಹುದೆಂಬುದನ್ನೂ ಆತ ಹೇಳಿದ್ದ.

ಇನ್ನು ಹಿಂದಿನ ಸಾಲಿನವರಿಗೆ. ಮೊದಲ ಪರೀಕ್ಷೆಯಲ್ಲಿ ಅಂಕ ಇಳಿದರೆ ಗಾಬರಿಯಾಗಬೇಡಿ. ನಮಗೂ ಗಣಿತದಲ್ಲಿ ಮೂವತ್ತೆಂಟೇ ಬಂದದ್ದು. ಎರಡನೆಯ ವರ್ಷಕ್ಕೂ ಲೆಕ್ಕ ಹಿಡಿಸದಿದ್ದರೆ ಮಾತ್ರ ಮಗುವನ್ನು ಕೂರಿಸಿಕೊಂಡು ಮಾತಾಡಿ. ಕೆಂಪು ಗೀಟಿನ ಆ ಪುಸ್ತಕವನ್ನು ಇಂದು ತಂದಿದ್ದೇವೆ, ಮೇಜಿನ ಮೇಲಿದೆ. ಕಾಫಿಯ ಹೊತ್ತಿನಲ್ಲಿ ನೋಡಬಹುದು.